ಸ್ಟೆಮ್ ಸೆಲ್, ಆಕ್ಸಿಜನ್ ಚೇಂಬರ್: ಸವೆದ ಮೊಣಕಾಲು ಹೊಸದಾಗುತ್ತದೆಯೇ?

ಸಾರಾಂಶ
ಸ್ಟೆಮ್ ಸೆಲ್ ಇಂಜೆಕ್ಷನ್ ಮತ್ತು ಹೈಪರ್‌ಬಾರಿಕ್ ಆಕ್ಸಿಜನ್ ಚಿಕಿತ್ಸೆಯಿಂದ ಸವೆದ ಮೊಣಕಾಲು ಮೊದಲಿನಂತಾಗುತ್ತದೆ ಎಂಬ ಮಾತನ್ನು ನಾವು ಪರಿಶೀಲಿಸಿದೆವು. ಇಂಜೆಕ್ಷನ್ನಿನಿಂದ ಕೆಲವರ ನೋವು ಕಡಿಮೆಯಾಗಬಹುದು, ಆದರೆ ಮೊಣಕಾಲು ಹೊಸದಾಗುವುದಿಲ್ಲ. ಆಕ್ಸಿಜನ್ ಚಿಕಿತ್ಸೆಗೆ ಗಟ್ಟಿ ಆಧಾರವಿಲ್ಲ.

ಮೊಣಕಾಲು ಸವೆಯುವುದು ಹೇಗೆ?
ಎಲುಬುಗಳ ತುದಿಯಲ್ಲಿ ಮೃದ್ವಸ್ಥಿ ಎಂಬ ನುಣುಪಾದ ಪದರವಿರುತ್ತದೆ. ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ಸವೆದರೆ ತಾನಾಗಿ ತುಂಬಿಕೊಳ್ಳುವುದು ಕಷ್ಟ. ವಯಸ್ಸು ಮತ್ತು ತೂಕದ ಜೊತೆಗೆ ದುಡಿಮೆಯೂ ಇದಕ್ಕೆ ಕಾರಣ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವವರ, ಚೀಲ ಹೊರುವವರ ಮೊಣಕಾಲಿನ ಮೇಲೆ ವರ್ಷಗಟ್ಟಲೆ ಭಾರ ಬೀಳುತ್ತದೆ.

ಸ್ಟೆಮ್ ಸೆಲ್ ಕೆಲಸ ಮಾಡುತ್ತದೆಯೇ?
ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಮೂಳೆಮಜ್ಜೆಯಿಂದ ತಯಾರಿಸಿದ ಇಂಜೆಕ್ಷನ್ನಿಗೆ 2022ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. 146 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಔಷಧವಿಲ್ಲದ ಇಂಜೆಕ್ಷನ್ ಪಡೆದವರಿಗಿಂತ ಇದನ್ನು ಪಡೆದವರ ನೋವು ಹೆಚ್ಚು ತಗ್ಗಿತ್ತು. ಆದರೆ ಈ ಅನುಮತಿ 2 ಮತ್ತು 3ನೇ ಹಂತದ ಸವೆತಕ್ಕೆ ಮಾತ್ರ. ಎಲುಬಿಗೆ ಎಲುಬು ತಾಗುವ 4ನೇ ಹಂತಕ್ಕಲ್ಲ. 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದು ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಪರೀಕ್ಷಿಸಿತು. ವರ್ಷದ ನಂತರ ಅವು ಯಾವುವೂ ಸ್ಟೀರಾಯ್ಡ್ ಇಂಜೆಕ್ಷನ್ನಿಗಿಂತ ಮೇಲೆಂದು ಕಂಡುಬರಲಿಲ್ಲ.

ಆಕ್ಸಿಜನ್ ಚೇಂಬರ್?
ಹೆಚ್ಚಿನ ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸುವುದು ಈ ಚಿಕಿತ್ಸೆ. ಕಾರ್ಬನ್ ಮಾನಾಕ್ಸೈಡ್ ವಿಷಬಾಧೆ, ಮುಳುಗುಗಾರರ ಒತ್ತಡದ ಕಾಯಿಲೆ, ಮಧುಮೇಹಿಗಳ ಮಾಯದ ಕೆಲವು ಕಾಲಿನ ಹುಣ್ಣುಗಳಿಗೆ ಇದು ಉಪಯುಕ್ತ. ಮೊಣಕಾಲು ಸವೆತ ಮಾನ್ಯ ಪಟ್ಟಿಯಲ್ಲಿಲ್ಲ. ಕಿವಿಗೆ, ಅಪರೂಪಕ್ಕೆ ಶ್ವಾಸಕೋಶಕ್ಕೆ ಪೆಟ್ಟಾಗುವ ಅಪಾಯವೂ ಇದೆ.

ಬಂಗಾರ ಒತ್ತೆ ಇಡುವ ಮುನ್ನ ಕೇಳಿ
• ಎಕ್ಸ್‌ರೇ ಪ್ರಕಾರ ಸವೆತ ಯಾವ ಹಂತದಲ್ಲಿದೆ?
• ಇಂಜೆಕ್ಷನ್ ಹೆಸರೇನು? ಮೊಣಕಾಲಿಗೆ ಅನುಮತಿ ಇದೆಯೇ? ಅನುಮತಿ ಇಲ್ಲದ ಸ್ಟೆಮ್ ಸೆಲ್ ಬಳಕೆ ಪ್ರಯೋಗದಲ್ಲಿ ಮಾತ್ರ ಇರಬೇಕು ಎನ್ನುತ್ತದೆ ಐಸಿಎಂಆರ್‌ನ 2017ರ ಮಾರ್ಗಸೂಚಿ.
• ಪ್ರಯೋಗವೆಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಲ್ಲಿದೆ? ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಕೇಳುವಂತಿಲ್ಲ.

ಮೊದಲು ಏನು ಮಾಡಬೇಕು?
ತೊಡೆಯ ಸ್ನಾಯು ಗಟ್ಟಿಗೊಳಿಸುವ ವ್ಯಾಯಾಮ, ಹೆಚ್ಚಿದ್ದರೆ ತೂಕ ಇಳಿಕೆ, ವೈದ್ಯರು ಹೇಳಿದ ನೋವಿನ ಮುಲಾಮು: ಪುರಾವೆ ಇರುವುದು ಇವುಗಳಿಗೆ. ಕೊನೆಯ ಹಂತದಲ್ಲಿ ಕೀಲು ಬದಲಾವಣೆಯ ಆಪರೇಷನ್ ನೆರವಾಗುತ್ತದೆ. ಧಾರವಾಡದ ಜಿಲ್ಲಾಸ್ಪತ್ರೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ (ಹಿಂದಿನ ಕಿಮ್ಸ್) ಎಲುಬು-ಕೀಲು ವೈದ್ಯರಿಗೆ ಒಮ್ಮೆ ತೋರಿಸಿ, ನಂತರವೇ ದುಬಾರಿ ಚಿಕಿತ್ಸೆಯ ಮಾತಾಡಿ.