ಹನುಕ್ಕಾ ಮಕ್ಕಳ ಪುಸ್ತಕಗಳು

ಯೆಹೂದಿಗಳ ದೀಪದ ಹಬ್ಬವಾದ ಹನುಕ್ಕಾವನ್ನು ಕುರಿತು ಮಕ್ಕಳಿಗಾಗಿ ರಚಿತವಾದ ಕಥೆ, ಚಿತ್ರಪುಸ್ತಕ, ಹಾಡು ಹಾಗೂ ಮಾಹಿತಿ ಗ್ರಂಥಗಳು. ಈ ಪ್ರಕಾರ ಹೆಚ್ಚಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ.

ಹಿನ್ನೆಲೆ: ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಸೆಲ್ಯೂಕಿಡ್ ದೊರೆ ನಾಲ್ಕನೆಯ ಆಂಟಿಯೋಕಸನ ವಿರುದ್ಧ ಮಕಾಬಿಗಳೆಂಬ ಯೆಹೂದಿ ಹೋರಾಟಗಾರರು ದಂಗೆಯೆದ್ದು ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದು ಶುದ್ಧಗೊಳಿಸಿದರು. ಅದರ ನೆನಪಿಗೆ ಯೆಹೂದಿ ಪಂಚಾಂಗದ ಕಿಸ್ಲೇವ್ ಮಾಸದ 25ರಿಂದ ಎಂಟು ದಿನ ಹಬ್ಬ ನಡೆಯುತ್ತದೆ. ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತೆಂಬ ಪವಾಡದ ಕಥೆ ಯೆಹೂದಿ ಧರ್ಮಗ್ರಂಥವಾದ ತಾಲ್ಮೂದಿನಲ್ಲಿದೆ. ಬೇರೆ ಕೆಲವು ಯೆಹೂದಿ ಹಬ್ಬಗಳಿಗೆ ತಮ್ಮದೇ ಪಠ್ಯಗಳಿವೆ: ಪಾಸೋವರ್ ಹಬ್ಬದಂದು ಮನೆಯಲ್ಲಿ ಹಗ್ಗಾದಾ ಎಂಬ ಪಠ್ಯ ಓದುತ್ತಾರೆ. ಪೂರಿಮ್ ಹಬ್ಬಕ್ಕೆ ಎಸ್ತೇರಳ ಗ್ರಂಥವಿದೆ. ಆದರೆ ಹನುಕ್ಕಾದ ಕಥೆ ಹೇಳುವ ಮಕಾಬಿಗಳ ಗ್ರಂಥಗಳು ಹೀಬ್ರೂ ಬೈಬಲಿನಲ್ಲಿ ಸೇರಿಲ್ಲ. ಮನೆಯಲ್ಲಿ ಎಲ್ಲರೂ ಕೂಡಿ ಓದಲೇಬೇಕಾದ ಪಠ್ಯವೂ ಈ ಹಬ್ಬಕ್ಕಿಲ್ಲ. ದೀಪ ಹಚ್ಚಿದ ಮೇಲೆ ಮಕ್ಕಳಿಗೆ ಏನು ಓದಿ ಹೇಳಬೇಕೆಂಬ ಪ್ರಶ್ನೆಗೆ ಕಥೆಪುಸ್ತಕಗಳು ಉತ್ತರವಾದವು. ಹಬ್ಬ ಕ್ರಿಸ್‌ಮಸ್ ಹೊತ್ತಿಗೇ ಬರುವುದರಿಂದ, ಅಮೆರಿಕದ ಯೆಹೂದಿ ತಂದೆತಾಯಿಗಳು ತಮ್ಮ ಮಕ್ಕಳಿಗೂ ತಮ್ಮದೇ ಹಬ್ಬದ ಪುಸ್ತಕ ಬೇಕೆಂದು ಬಯಸಿದ್ದು ಇನ್ನೊಂದು ಕಾರಣ.

ಪ್ರಮುಖ ಕೃತಿಗಳು: ಸೇಡಿ ರೋಸ್ ವೈಲರ್‌ಸ್ಟೈನ್ ಅವರ ಹೆಬ್ಬೆರಳುದ್ದದ ಹುಡುಗ ಕೆಟೊಂಟೊನ್‌ನ ಕಥೆಗಳು 1935ರಲ್ಲಿ ಪುಸ್ತಕವಾಗಿ ಬಂದವು. ಸಿಡ್ನಿ ಟೇಲರ್ 1951ರ 'ಆಲ್-ಆಫ್-ಎ-ಕೈಂಡ್ ಫ್ಯಾಮಿಲಿ'ಯಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನ ಐವರು ಅಕ್ಕತಂಗಿಯರ ಮೂಲಕ ಯೆಹೂದಿ ಹಬ್ಬಗಳನ್ನು ಎಲ್ಲ ಓದುಗರಿಗೂ ಪರಿಚಯಿಸಿದರು. ಯಿಡ್ಡಿಷ್ ಲೇಖಕ ಐಸಾಕ್ ಬಾಶೆವಿಸ್ ಸಿಂಗರ್ ಅವರ 'ಜ್ಲಾಟೆ ದ ಗೋಟ್' (1966) ಸಂಕಲನಕ್ಕೆ ಮೊರಿಸ್ ಸೆಂಡಾಕ್ ಚಿತ್ರ ಬರೆದರು. ಅದರ ಶೀರ್ಷಿಕೆ ಕಥೆಯಲ್ಲಿ, ಹಬ್ಬದ ಖರ್ಚಿಗೆಂದು ಕಟುಕನಿಗೆ ಮಾರಲು ಒಯ್ಯುತ್ತಿದ್ದ ಮೇಕೆಯೇ ಹಿಮಬಿರುಗಾಳಿಯಲ್ಲಿ ಸಿಲುಕಿದ ಹುಡುಗನನ್ನು ಹಾಲು ಕೊಟ್ಟು ಬದುಕಿಸುತ್ತದೆ. ಸಿಂಗರ್ 1980ರಲ್ಲಿ ಹಬ್ಬದ ಎಂಟು ರಾತ್ರಿಗಳಿಗೆಂದೇ ಎಂಟು ಕಥೆಗಳ ಸಂಕಲನ ತಂದರು.

ಎರಿಕ್ ಕಿಮ್ಮೆಲ್ ಬರೆದು ಟ್ರೀನಾ ಶಾರ್ಟ್ ಹೈಮನ್ ಚಿತ್ರಿಸಿದ 'ಹರ್ಶೆಲ್ ಅಂಡ್ ದ ಹನುಕ್ಕಾ ಗಾಬ್ಲಿನ್ಸ್' (1989) ಚಿತ್ರಪುಸ್ತಕಗಳಿಗೆ ಅಮೆರಿಕದಲ್ಲಿ ನೀಡುವ ಕ್ಯಾಲ್ಡಿಕಾಟ್ ಗೌರವ ಪಡೆಯಿತು. ಜಾನಪದ ವಿದೂಷಕ ಹರ್ಶೆಲ್, ಪಾಳುಬಿದ್ದ ಸಿನಗಾಗಿನಲ್ಲಿ ಎಂಟು ರಾತ್ರಿ ದೀಪ ಹಚ್ಚಿ ಭೂತಗಳನ್ನು ಗೆಲ್ಲಬೇಕು. ಬೇಯಿಸಿದ ಮೊಟ್ಟೆಯನ್ನು ಕಲ್ಲೆಂದು ನಂಬಿಸಿ ಹಿಸುಕುತ್ತಾನೆ; ಉಪ್ಪಿನಕಾಯಿ ಜಾಡಿಗೆ ಕೈಹಾಕಿದ ಭೂತ, ಮುಷ್ಟಿ ಬಿಚ್ಚಲೊಲ್ಲದೆ ಸಿಕ್ಕಿಬೀಳುತ್ತದೆ.

ಇಸ್ರೇಲಿನಲ್ಲಿ ಲೆವಿನ್ ಕಿಪ್ನಿಸ್ ಹೀಬ್ರೂ ಭಾಷೆಯಲ್ಲಿ ಬರೆದ ಹಬ್ಬದ ಶಿಶುಗೀತೆಗಳು ಮನೆಮಾತಾದವು.

ಆಯ್ಕೆ: ಯುದ್ಧ, ಧಾರ್ಮಿಕ ದಬ್ಬಾಳಿಕೆಗಳ ವಿಷಯ ಎಳೆಯರಿಗೆ ಭಾರ. ಆದ್ದರಿಂದ ಶಿಶುಗಳ ರಟ್ಟುಹಾಳೆಯ ಪುಸ್ತಕಗಳಲ್ಲಿ ದೀಪ, ಡ್ರೈಡೆಲ್ ಎಂಬ ಬುಗುರಿ, ಆಲೂಗಡ್ಡೆ ತುರಿದು ಕರಿದ ಲಾಟ್ಕೆ ಇವುಗಳೇ ಪ್ರಧಾನ. ಇತಿಹಾಸ ದೊಡ್ಡ ಮಕ್ಕಳ ಪುಸ್ತಕಗಳಿಗೆ ಮೀಸಲು. ಪುಸ್ತಕ ಎಷ್ಟು ನಂಬಲರ್ಹ ಎಂಬುದನ್ನು ಚಿತ್ರಗಳೇ ಹೇಳುತ್ತವೆ. ಹನುಕ್ಕಾ ದೀಪಸ್ತಂಭಕ್ಕೆ ಒಂಬತ್ತು ದೀಪಗಳಿರಬೇಕು: ಎಂಟು ರಾತ್ರಿಗೆ ಎಂಟು, ಅವನ್ನು ಹಚ್ಚಲು ಶಮಾಷ್ ಎಂಬ ಒಂಬತ್ತನೆಯದು. ಏಳು ಕವಲಿನದು ಪ್ರಾಚೀನ ದೇವಾಲಯದ ದೀಪ. ಮೇಣದ ಬತ್ತಿಗಳನ್ನು ಬಲದಿಂದ ಎಡಕ್ಕೆ ಜೋಡಿಸಿ, ಎಡದಿಂದ ಬಲಕ್ಕೆ, ಅಂದರೆ ಆ ದಿನದ ಹೊಸ ಬತ್ತಿಯಿಂದ ಮೊದಲ್ಗೊಂಡು ಹಚ್ಚುವುದು ರೂಢಿ. ಬುಗುರಿಯ ನಾಲ್ಕು ಮುಖಗಳ ಮೇಲಿನ ಹೀಬ್ರೂ ಅಕ್ಷರಗಳಲ್ಲಿ ನಾಲ್ಕನೆಯದು ಇಸ್ರೇಲಿನಲ್ಲಿ 'ಪೇ', ಬೇರೆಡೆ 'ಶಿನ್'. ಹನುಕ್ಕಾವನ್ನು ಬರೀ ಉಡುಗೊರೆಯ ಹಬ್ಬವಾಗಿ, ಕ್ರಿಸ್‌ಮಸ್ಸಿನ ನಕಲಾಗಿ ತೋರಿಸುವ ಪುಸ್ತಕ ಎಷ್ಟೇ ಅಂದವಾಗಿದ್ದರೂ ಹಬ್ಬವನ್ನು ಪರಿಚಯಿಸಿದಂತಾಗುವುದಿಲ್ಲ.

ಪ್ರಸಾರ: ಹೆರಾಲ್ಡ್ ಗ್ರಿನ್‌ಸ್ಪೂನ್ 2005ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಪಿಜೆ ಲೈಬ್ರರಿ, ಯೆಹೂದಿ ಮಕ್ಕಳಿರುವ ಕುಟುಂಬಗಳಿಗೆ ಪುಸ್ತಕಗಳನ್ನು ಉಚಿತವಾಗಿ ಕಳುಹಿಸುತ್ತದೆ. ಯೆಹೂದಿ ಗ್ರಂಥಾಲಯಗಳ ಸಂಘವು ಟೇಲರ್ ಹೆಸರಿನಲ್ಲಿ ವರ್ಷವರ್ಷವೂ ಮಕ್ಕಳ ಪುಸ್ತಕಗಳಿಗೆ ಪ್ರಶಸ್ತಿ ನೀಡುತ್ತಿದೆ. ಟೇಲರ್ ಅವರ ಪಾತ್ರಗಳನ್ನೇ ಬಳಸಿ ಎಮಿಲಿ ಜೆಂಕಿನ್ಸ್ ಬರೆದ 'ಆಲ್-ಆಫ್-ಎ-ಕೈಂಡ್ ಫ್ಯಾಮಿಲಿ ಹನುಕ್ಕಾ' (2018) ಈ ಪ್ರಶಸ್ತಿ ಪಡೆದ ಕೃತಿಗಳಲ್ಲೊಂದು. ಹಬ್ಬಕ್ಕೆ ಪುಸ್ತಕ ಹುಡುಕುವವರು ಈ ಪ್ರಶಸ್ತಿಗಳ ಪಟ್ಟಿಯಿಂದ ಆರಂಭಿಸುವುದು ಒಳ್ಳೆಯದು.