ಕೋಲು, ಕಾಠಿ, ಗುಂಟೆ

ಪುಣೆಯ ಕೋಥರೂಡದಲ್ಲಿ ಈಗ ಮನೆಗಳು ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತವೆಯಾದರೂ, ಅದು ಹೊಲತೋಟಗಳ ಹಳ್ಳಿಯಾಗಿದ್ದ ಮರಾಠರ ಆಳ್ವಿಕೆಯಲ್ಲಿ ಆ ಸೀಮೆಯ ನೆಲದ ಅಳತೆಗೋಲು ‘ಕಾಠಿ’ಯಾಗಿತ್ತು. ಕಾಠಿಯೆಂದರೆ ಐದು ಮೊಳ ಐದು ಮುಷ್ಟಿ ಉದ್ದದ ಕೋಲು. ಉದ್ದಕ್ಕೂ ಅಗಲಕ್ಕೂ ಇಪ್ಪತ್ತಿಪ್ಪತ್ತು ಕಾಠಿಯ ನೆಲ ಒಂದು ಬಿಘಾ. ಯಾರ ಮೊಳ, ಯಾರ ಮುಷ್ಟಿ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜವೇ.

ಆಳಿನಿಂದ ಆಳಿಗೆ ಬದಲಾಗುವ ಅಳತೆಯ ಈ ವ್ಯತ್ಯಾಸವನ್ನು ಹಳಬರ ಅಜಾಗ್ರತೆಯೆಂದು ತಳ್ಳಿಹಾಕುವುದು ತಪ್ಪು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಸಾಮಾನ್ಯ ಮೊಳಕ್ಕೆ 24 ಅಂಗುಲವಿದ್ದರೆ, ಹುಲ್ಲುಗಾವಲನ್ನು ಅಳೆಯುವ ಮೊಳಕ್ಕೆ 28, ಕಾಡನ್ನು ಅಳೆಯುವ ಮೊಳಕ್ಕೆ 54 ಅಂಗುಲಗಳಿದ್ದು, ಅಳೆಯಬೇಕಾದ ವಸ್ತುವಿಗೆ ತಕ್ಕಂತೆ ಅಳತೆಯನ್ನೇ ಬದಲಿಸುವುದು ಅಲ್ಲಿ ವಿಧಿಯಾಗಿಯೇ ನಿಂತಿದೆ. ಕನ್ನಡ ಶಾಸನಗಳಲ್ಲಿ ಕೋಲಿಗೆ ‘ಗಳೆ’ ಎಂಬ ಹೆಸರಿದ್ದು, ದಾನದ ಭೂಮಿಯನ್ನು ಯಾವ ಗಳೆಯಿಂದ ಅಳೆಯಲಾಯಿತೆಂಬುದನ್ನು ಹೆಸರಿಸಿ ಹೇಳುವ ರೂಢಿಯಿತ್ತು. ಬಳ್ಳಿಗಾವಿಯ ‘ಭೇರುಂಡ ಗಳೆ’ಯನ್ನು ವಿದ್ವಾಂಸರು ಅಲ್ಲಿ 1047ರಲ್ಲಿ ನಿಂತ ಗಂಡಭೇರುಂಡ ಸ್ತಂಭದೊಂದಿಗೆ ಜೋಡಿಸುತ್ತಾರೆ. ಊರಿನ ನಡುವೆ ಎಲ್ಲರ ಕಣ್ಣಿಗೆ ಬೀಳುವ ಕಂಬವೇ ಕೋಲಿಗೆ ಸಾಕ್ಷಿಯಾಗಿದ್ದರೆ, ಅದನ್ನು ಮೊಟಕುಗೊಳಿಸುವುದು ಯಾವ ಶಾನುಭೋಗನಿಗೂ ಸುಲಭವಾಗಿರಲಾರದು.

ಹಲವು ಕೋಲುಗಳ ಈ ವ್ಯವಸ್ಥೆಗೆ ತೆರೆಬಿದ್ದುದೂ ಪುಣೆಯ ಕಡೆಯಿಂದಲೇ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1836ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ತೊಡಗಿಸಿದ ಮೋಜಣಿಯ ಪದ್ಧತಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಹರಡಿ, 1863ರಲ್ಲಿ ಮೈಸೂರು ಸಂಸ್ಥಾನವನ್ನೂ ಮುಟ್ಟಿತು. ಈ ಮೋಜಣಿಯ 33 ಅಡಿ ಉದ್ದದ ಸರಪಳಿಯ ಚೌಕವೇ ಮರಾಠಿಯ ‘ಗುಂಠಾ’, ಕನ್ನಡದ ‘ಗುಂಟೆ’. 40 ಗುಂಟೆಗೆ ಒಂದು ಎಕರೆ. ಚೂರುಚೂರಾಗಿ ಮಾರಿದ ನೆಲದ ಮೇಲಿನ ಕಟ್ಟಡಗಳನ್ನು ಸಕ್ರಮಗೊಳಿಸಲು ಮಹಾರಾಷ್ಟ್ರವು 2001ರಲ್ಲಿ ತಂದ ಕಾಯ್ದೆಗೂ ‘ಗುಂಠೇವಾರಿ’ ಎಂದೇ ಹೆಸರು.

ಕರ್ನಾಟಕದ ಪಹಣಿಯಲ್ಲಿ ಗುಂಟೆ ಇಂದಿಗೂ ಅಧಿಕೃತವಾಗಿದ್ದರೆ, ಮಹಾರಾಷ್ಟ್ರದ ‘ಸಾತ್‌ಬಾರಾ’ ಪತ್ರದಲ್ಲಿ ಅದರ ಸ್ಥಾನವನ್ನು 100 ಚದರ ಮೀಟರಿನ ‘ಆರ್’ ಪಡೆದಿದೆ. ಗುಂಟೆಯಾದರೋ 101.17 ಚದರ ಮೀಟರು. ಎರಡೂ ಒಂದೇ ಎಂಬ ವ್ಯವಹಾರದ ನಂಬಿಕೆಯಿಂದ ಎಕರೆಯೊಂದಕ್ಕೆ ಸುಮಾರು 47 ಚದರ ಮೀಟರು, ಅಂದರೆ 500 ಚದರಡಿಗೂ ಮಿಕ್ಕ ನೆಲ, ಲೆಕ್ಕದಿಂದ ಜಾರುತ್ತದೆ. ಕೋಥರೂಡದಲ್ಲಿ ಅಷ್ಟು ಜಾಗದಲ್ಲಿ ಒಂದು ಸಂಸಾರವೇ ಹಿಡಿಯುತ್ತದೆ.