ಗಡಿನಾಡಿನ ಗೃಹಕಲೆ

ಕಲೆಯು ಅರಸರ ಆಶ್ರಯದಲ್ಲಿ ಬೆಳೆದು ದೇವಾಲಯಗಳಲ್ಲಿ ನೆಲೆಸಿದ ವಸ್ತುವೆಂದು ಇತಿಹಾಸ ಗ್ರಂಥಗಳು ಹೇಳುತ್ತ ಬಂದಿವೆ. ಬೇಲೂರು, ಹಳೇಬೀಡುಗಳ ಶಿಲ್ಪವೈಭವವನ್ನು ವರ್ಣಿಸುವ ಪಠ್ಯಪುಸ್ತಕಗಳಲ್ಲಿ ಮನೆಯ ಹೊಸ್ತಿಲಿಗೆ ಒಂದು ಸಾಲಿನ ಸ್ಥಳವೂ ದೊರೆತಿಲ್ಲ. ಆದರೆ ಬಡವನ ಮನೆಯಲ್ಲೂ ಒಂದು ಕಲೆಯಿತ್ತು. ಅದಕ್ಕೂ ಒಂದು ಚರಿತ್ರೆಯಿದೆ. ಕಾಸರಗೋಡಿನ ಪರಿಸರದಲ್ಲಿ ಆ ಚರಿತ್ರೆಯ ಕುರುಹುಗಳನ್ನು ಗುರುತಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ಪ್ರಸಿದ್ಧ ಕ್ಷೇತ್ರವಾದ ಮಧೂರಿನ ಐತಿಹ್ಯದಿಂದಲೇ ಪ್ರಾರಂಭಿಸುವುದು ಯುಕ್ತ. ಮಧುವಾಹಿನಿಯ ದಡದಲ್ಲಿರುವ ಆ ದೇವಾಲಯದ ಪ್ರಧಾನ ದೇವರು ಮದನಂತೇಶ್ವರನಾದ ಶಿವ. ಆದರೆ ಜನರನ್ನು ಹೆಚ್ಚಾಗಿ ಸೆಳೆಯುವವನು ಮಹಾಗಣಪತಿ. ಬಾಲಕನೊಬ್ಬನು ಆಟವಾಡುತ್ತ ಗರ್ಭಗುಡಿಯ ಗೋಡೆಯಲ್ಲಿ ಗಣಪತಿಯ ಚಿತ್ರವನ್ನು ಬರೆದನೆಂದೂ, ಆ ಚಿತ್ರವೇ ಬೆಳೆದು ಬೊಡ್ಡ ಗಣಪತಿಯಾಯಿತೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಐತಿಹ್ಯವನ್ನು ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಆದರೂ ಮಗುವಿನ ಕೈ ಗೋಡೆಯಲ್ಲಿ ಎಳೆದ ಗೆರೆಯನ್ನು ಅಳಿಸದೆ ಪೂಜಿಸಿದ ಕಥೆಯೊಂದನ್ನು ಈ ನಾಡು ಶತಮಾನಗಳಿಂದ ಕಾಪಾಡಿಕೊಂಡು ಬಂದಿದೆ ಎಂಬುದು ಅಧ್ಯಾಪಕರು ಗಮನಿಸಬೇಕಾದ ಸಂಗತಿ.

ಇನ್ನು ಸಾಮಗ್ರಿಗಳ ವಿಚಾರ. ಕೆಮ್ಮಣ್ಣು, ಶೇಡಿಮಣ್ಣು, ಕಡಲ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ, ಅಕ್ಕಿಹಿಟ್ಟು, ಅರಸಿನ, ಉಮಿಯ ಕರಿ, ಒಣಗಿಸಿ ಪುಡಿಮಾಡಿದ ಸೊಪ್ಪು: ಇಷ್ಟರಿಂದಲೇ ನಮ್ಮವರ ವರ್ಣಸಂಪತ್ತು ಸಿದ್ಧವಾಗುತ್ತಿತ್ತು. ಅರಸಿನಕ್ಕೆ ಸುಣ್ಣ ಬೆರೆತೊಡನೆ ಕೆಂಪು ಮೂಡುವುದನ್ನು ರಸಾಯನಶಾಸ್ತ್ರ ಓದದ ಗೃಹಿಣಿಯೂ ಬಲ್ಲಳು. ತುಳುನಾಡಿನ ನಾಗಮಂಡಲವು ಬಿಳಿ, ಹಳದಿ, ಕೆಂಪು, ಹಸುರು, ಕಪ್ಪು ಎಂಬ ಪಂಚವರ್ಣಗಳಿಂದ ರಚಿತವಾಗುತ್ತದೆ. ಮಲೆಯಾಳದ ಕಳಂ ಎಂಬ ನೆಲದ ಚಿತ್ರಕ್ಕೂ ಇವೇ ಐದು ವರ್ಣಗಳು. ಇಲ್ಲಿಯ ಹೆಂಗಸರಿಗೆ ಮನೆಯಲ್ಲಿ ದೊರೆಯುವ ಸಾಮಗ್ರಿಗಳೇ ಅಲ್ಲಿಯ ಕಲಾವಿದರಿಗೂ ಸಾಕಾಗುತ್ತವೆ. ಭಾಷೆ ಬೇರೆ, ಬಣ್ಣದ ಪಾಕ ಒಂದೇ.

ಕಾಲಗಣನೆಯಲ್ಲೂ ಇಂತಹ ಸಾಮ್ಯವಿದೆ. ತುಳುವರ ಸೋಣ, ಮಲೆಯಾಳಿಗಳ ಚಿಂಗಂ ಎರಡೂ ಒಂದೇ ಸಿಂಹಮಾಸ. ಆ ತಿಂಗಳಲ್ಲಿ ಉಡುಪಿ-ಕುಂದಾಪುರದ ಕಡೆ ಶೇಡಿಯಿಂದ ಹೊಸ್ತಿಲು ಬರೆದು ಹೂವಿಟ್ಟು ಪೂಜಿಸುತ್ತಾರೆ. ಅದೇ ತಿಂಗಳಲ್ಲಿ ಓಣಂ ಹಬ್ಬಕ್ಕಾಗಿ ಮಲೆಯಾಳಿಗಳ ಅಂಗಳದಲ್ಲಿ ಹೂವಿನ ಮಂಡಲ ಅರಳುತ್ತದೆ. ತೆಂಗಿನ ಎಳೆಗರಿಯನ್ನು ತುಳುವರು ಸಿರಿಯೆಂದೂ ಮಲೆಯಾಳಿಗಳು ಕುರುತ್ತೋಲವೆಂದೂ ಕರೆದು, ಅದರಿಂದ ಭೂತಕ್ಕೂ ತೆಯ್ಯಕ್ಕೂ ಅಲಂಕಾರ ಮಾಡುತ್ತಾರೆ. ಆ ಗರಿಗೆ ತೋಟವಿದ್ದವನಿಗೆ ಬೆಲೆಯಿಲ್ಲ; ಇಲ್ಲದವನಿಗೆ ನೆರೆಯವನಲ್ಲಿ ಕೇಳಿದರೆ ಸಾಕು.

ಈ ರೂಢಿ ಕರಾವಳಿಗೆ ಮಾತ್ರ ಸೀಮಿತವಲ್ಲ. ಘಟ್ಟದ ಮೇಲೆ ಸಾಗರದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿನಾರೇ ಅವರ ಕುಂಚ. ಗೋವೆಯಿಂದ ಉತ್ತರ ಕನ್ನಡದವರೆಗಿನ ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿಯಿರುವಾಗಲೇ ಕೊರೆದು ಒಳಗಿನ ಬಿಳುಪನ್ನು ಹೊರತರುತ್ತಾರೆ. ಎಲ್ಲಿಯೂ ಪೇಟೆಯಿಂದ ತಂದ ಬಣ್ಣವಿಲ್ಲ.

ಈ ಸ್ಥಿತಿ ಮಾರ್ಪಟ್ಟುದು ಹೇಗೆ? 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಸ್ಥಾಪಿಸಿದರು. ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನವಾದುವು. ಇದರಿಂದ ಜನರಿಗೆ ಉಪಕಾರವೇ ಆಯಿತು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ಲಕ್ಷ್ಮೀ ಸರಸ್ವತಿಯರ ವರ್ಣಚಿತ್ರಗಳನ್ನು ಸುಲಭ ಬೆಲೆಗೆ ಒದಗಿಸಿದರು. ಅರಮನೆಯಲ್ಲಷ್ಟೇ ಕಾಣುತ್ತಿದ್ದ ಚಿತ್ರವು ಸಾಮಾನ್ಯನ ಗೋಡೆಗೆ ಬಂದುದು ಸಣ್ಣ ಮಾತಲ್ಲ. 1907ರಲ್ಲಿ ರೈಲು ಮಂಗಳೂರನ್ನು ತಲಪಿತು. ಪೇಟೆಯ ಸರಕು ಹಳ್ಳಿಗೆ ಹತ್ತಿರವಾಯಿತು. ಅನಂತರ ಕ್ಯಾಲೆಂಡರು, ಸಿಮೆಂಟು ನೆಲ, ಡಬ್ಬಿಯ ಬಣ್ಣ, ಇತ್ತೀಚೆಗೆ ಅಂಟಿಸುವ ಪ್ಲಾಸ್ಟಿಕ್ ರಂಗೋಲಿ. ಒಂದೊಂದು ಮೆಟ್ಟಿಲಲ್ಲೂ ಮನೆ ಅಂದವಾಯಿತು. ಆದರೆ ಚಿತ್ರ ಮಾಡುತ್ತಿದ್ದ ಮನೆ ಚಿತ್ರ ಕೊಳ್ಳುವ ಮನೆಯಾಯಿತು. ನಷ್ಟವಾದುದು ಸೌಂದರ್ಯವಲ್ಲ, ಕೈ.

ಈ ನಷ್ಟವನ್ನು ಹಿರಿಯರು ಅರಿಯದೆ ಇರಲಿಲ್ಲ. 1937ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ಗಾಂಧೀಜಿಯವರು ಕೈಕೆಲಸವನ್ನು ವಿದ್ಯೆಯ ಕೇಂದ್ರದಲ್ಲಿಟ್ಟರು. ಮರುವರ್ಷ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರ ಅಪೇಕ್ಷೆಯಂತೆ ನಂದಲಾಲ ಬಸು ಮತ್ತು ಅವರ ಸಂಗಡಿಗರು ಸುಮಾರು 400 ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ಕೈಕಾಗದದ ಮೇಲೆ ಮಣ್ಣಿನ ಬಣ್ಣ. ವಸ್ತುವೋ ಡೋಲು ಬಾರಿಸುವವನು, ಬಡಗಿ, ಮಗುವನ್ನೆತ್ತಿದ ತಾಯಿ. ಶ್ರೇಷ್ಠ ಕಲೆಗೆ ದುಬಾರಿ ಸಾಮಗ್ರಿ ಬೇಡವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಗಡಿನಾಡಿನವರಾದ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡದ ಉಳಿವಿಗಾಗಿ ನಾವು ಶಾಲೆ, ಪಠ್ಯ, ಕಚೇರಿಗಳ ಕುರಿತು ಚಿಂತಿಸುತ್ತ ಬಂದಿದ್ದೇವೆ. ಅದು ಅವಶ್ಯವೇ. ಆದರೆ ಭಾಷೆಯ ಎಷ್ಟೋ ಶಬ್ದಗಳು ಕೆಲಸದ ಜತೆಗೇ ಬಾಳುತ್ತವೆ. ಶೇಡಿಯನ್ನು ಮುಟ್ಟದ ಮಗುವಿಗೆ ಶೇಡಿಯೆಂಬ ಶಬ್ದ ಏತಕ್ಕೆ? ಹಸೆ ಬರೆಯುವುದು ನಿಂತ ಮನೆಯಲ್ಲಿ ಹಸೆಯೆಂಬ ಮಾತು ನಿಘಂಟಿಗೆ ಮಾತ್ರ ಉಳಿದೀತು.

ಆದುದರಿಂದ ಅಧ್ಯಾಪಕ ಬಂಧುಗಳ ಮುಂದೆ ಕೆಲವು ಸುಲಭ ಸೂಚನೆಗಳನ್ನಿಡುತ್ತೇವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಯಾ ನೆರೆಮನೆಯ ಅಜ್ಜಿಯಿಂದ ಒಂದು ರೇಖಾಚಿತ್ರವನ್ನು ಕಲಿತು ಪುಸ್ತಕದಲ್ಲಿ ಬರೆಯಲಿ. ಅದರ ಹೆಸರು, ಸಾಮಗ್ರಿ, ಬರೆಯುವ ದಿನ ಇವುಗಳನ್ನು ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ ಯಾವ ಮನೆಮಾತಿನಲ್ಲಿ ಹೇಳುತ್ತಾರೋ ಅದೇ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ದಾಖಲಿಸಲಿ. ಅರಸಿನ-ಸುಣ್ಣದ ಕೆಂಪನ್ನು ವಿಜ್ಞಾನದ ತರಗತಿಯಲ್ಲೂ, ಚುಕ್ಕಿ ರಂಗೋಲಿಯ ಸಮಾಂಗತೆಯನ್ನು ಗಣಿತದಲ್ಲೂ ತೋರಿಸಬಹುದು. ಹಳೆಯ ಕ್ಯಾಲೆಂಡರಿನ ಬೆನ್ನು ಒಳ್ಳೆಯ ಚಿತ್ರಪತ್ರ. ಮನೆಯ ಜಗಲಿಯಲ್ಲಿ ಒಂದು ಮೊಳ ಗೋಡೆಯನ್ನು ಮಕ್ಕಳಿಗೆಂದು ಬಿಟ್ಟುಕೊಡಲು ತಾಯ್ತಂದೆಯರನ್ನು ಒಪ್ಪಿಸುವ ಕೆಲಸವೂ ನಮ್ಮದೇ.

ಇವುಗಳಿಗೆ ಸರಕಾರದ ಅನುದಾನ ಬೇಡ, ಮೇಲಧಿಕಾರಿಗಳ ಅಪ್ಪಣೆ ಬೇಡ. ಬೇಕಾದುದು ವಿಳಂಬವಿಲ್ಲದ ಶ್ರದ್ಧೆ. ಅಕ್ಕಿಹಿಟ್ಟಿನ ಗೆರೆ ಸಂಜೆಗೆ ಇರುವೆಯ ಪಾಲಾಗುವುದು ಸಹಜ. ಮರುದಿನ ಅದನ್ನು ಮತ್ತೆ ಎಳೆಯುವ ಕೈ ಇದ್ದರಾಯಿತು.